ಎಡಗೋಡೆಯ ಎಪ್ಪತ್ತೆರಡು ರಿವೆಟ್ಟುಗಳು

ಅಣ್ಣನನ್ನು ಮಣ್ಣು ಮಾಡಿದ ಐದನೆಯ ದಿನ ನಾನು ಶೆಡ್ಡಿನ ಬೀಗ ತೆಗೆದೆ. ಮನೆಯಲ್ಲಿ ಕೂರಲು ಆಗುತ್ತಿರಲಿಲ್ಲ. ಬೀದರದ ಮಂಗಲಪೇಟೆಯ ನಮ್ಮ ಮನೆಗೆ ಬೆಳಗಿನಿಂದ ಜನ ಬರುತ್ತಿದ್ದರು. ಬಂದವರಿಗೆಲ್ಲ ಎದ್ದು ಕುರ್ಚಿ ಹಾಕಬೇಕು, ಅವನು ಹೇಗೆ ಹೋದನೆಂದು ಮೊದಲಿನಿಂದ ಹೇಳಬೇಕು. ಮಧ್ಯಾಹ್ನ ಊಟಕ್ಕೆಂದು ಕೈ ತೊಳೆಯುತ್ತಿದ್ದ, ನಲ್ಲಿಯ ಹತ್ತಿರವೇ ಕುಸಿದ, ಆಸ್ಪತ್ರೆ ಮುಟ್ಟುವ ಮೊದಲೇ ಮುಗಿದಿತ್ತು. ಇಷ್ಟನ್ನೇ ಹೇಳಿ ಹೇಳಿ ಅದು ಬೇರೆ ಯಾರದೋ ಅಣ್ಣನ ಸುದ್ದಿಯಂತೆ ಕೇಳಿಸತೊಡಗಿತು. ಎದ್ದು ಚಪ್ಪಲಿ ಮೆಟ್ಟಿಕೊಂಡೆ. ವೈನಿ, ಅಂದರೆ ಅಣ್ಣನ ಹೆಂಡತಿ, ಬಾಗಿಲಲ್ಲಿ ನಿಂತು ನೋಡಿದರು.

ನೌಬಾದಿನ ರಸ್ತೆಯ ನಮ್ಮ ಶೆಡ್ಡಿನಲ್ಲಿ ವ್ಯಾನು ಅರ್ಧ ಕೆಲಸವಾಗಿ ನಿಂತಿತ್ತು. ಊರಿನ ಒಂದು ಟ್ರಸ್ಟ್ ಆಸ್ಪತ್ರೆಯದು, ಔರಾದ ತಾಲೂಕಿನ ಹಳ್ಳಿಗಳಿಗೆ ವಾರಕ್ಕೆ ಮೂರು ದಿನ ಔಷಧ ಒಯ್ಯುವ ಗಾಡಿ. ಹಳೆಯ ಮೈ ತುಕ್ಕು ತಿಂದು ಹೋಗಿತ್ತು. ಎಂಜಿನ್ನು, ಚಾಸಿ ಉಳಿಸಿಕೊಂಡು ಮೇಲಿನದೆಲ್ಲ ಹೊಸದಾಗಿ ಕಟ್ಟಲು ನಮಗೆ ಕೊಟ್ಟಿದ್ದರು. ತಿಂಗಳ ಕೊನೆಯೊಳಗೆ ಕೊಡದಿದ್ದರೆ ಜಹೀರಾಬಾದಿನ ದೊಡ್ಡ ವರ್ಕ್‌ಶಾಪಿಗೆ ಒಯ್ಯುತ್ತೇವೆಂದು ಆಸ್ಪತ್ರೆಯ ಸಮಿತಿಯವರು ಹೇಳಿ ಕಳಿಸಿದ್ದರು. ಸಾವಿನ ಮನೆಗೆ ಹೀಗೆ ಹೇಳಬಾರದಿತ್ತೆಂದು ಕೆಲವರು ಅಂದರು. ನನಗೆ ಹಾಗೆ ಅನ್ನಿಸಲಿಲ್ಲ. ಒಂದು ತಾರೀಖು ಇತ್ತಲ್ಲ, ಅದೇ ನನ್ನನ್ನು ಎಬ್ಬಿಸಿತು.

ಹದಿನೇಳು ವರ್ಷದಿಂದ ನಾವಿಬ್ಬರೂ ಕೆಲಸ ಹಂಚಿಕೊಂಡಿದ್ದೆವು. ಕಬ್ಬಿಣ ನನ್ನದು, ತಗಡು ಅವನದು. ಚೌಕಟ್ಟು ಕತ್ತರಿಸಿ ವೆಲ್ಡಿಂಗ್ ಮಾಡುವುದು ನಾನು. ಅದರ ಮೇಲೆ ತಗಡು ಹೊದಿಸಿ, ಪಟ್ಟಿ, ಕಪಾಟು, ಕಿಟಕಿ ಕೂರಿಸಿ ರಿವೆಟ್ಟು ಹೊಡೆಯುವುದು ಅವನು. ಕಬ್ಬಿಣದ ಕೈಗೆ ತಗಡಿನ ಕೆಲಸ ಬರುವುದಿಲ್ಲ ಎಂದು ನನ್ನನ್ನು ಹಂಗಿಸುತ್ತಿದ್ದ. ನಾನೂ ಕಲಿಯಲು ಹೋಗಿರಲಿಲ್ಲ.

ಪಾಪ್ ರಿವೆಟ್ಟು ನೋಡದವರಿಗೆ ಇಷ್ಟು ಹೇಳಬೇಕು. ಅದೊಂದು ಚಿಕ್ಕ ಟೊಳ್ಳು ಕೊಳವೆ. ಒಂದು ತುದಿಗೆ ಚಪ್ಪಟೆ ತಲೆ, ಒಳಗೊಂದು ಕಡ್ಡಿ. ತೂತಿಗೆ ತೂರಿಸಿ, ಗನ್ನು ಎನ್ನುವ ಇಕ್ಕಳದಂಥ ಸಾಧನದಿಂದ ಕಡ್ಡಿಯನ್ನು ಎಳೆದರೆ ಆಚೆ ಬದಿಯಲ್ಲಿ ಕೊಳವೆ ಉಬ್ಬಿ ಎರಡೂ ತಗಡನ್ನು ಕಚ್ಚಿ ಹಿಡಿಯುತ್ತದೆ. ಕಡ್ಡಿ ಟಕ್ಕೆಂದು ಮುರಿದು ಈಚೆ ಬರುತ್ತದೆ. ಹಿಂದಿನಿಂದ ಕೈ ಹಾಕಿ ನಟ್ಟು ಬಿಗಿಯಲು ಆಗದ ಕಡೆ ಇದೇ ಬೇಕು. ಆದರೆ ಆಚೆ ಬದಿ ಸರಿಯಾಗಿ ಉಬ್ಬಿತೋ ಇಲ್ಲವೋ ಕಣ್ಣಿಗೆ ಕಾಣುವುದಿಲ್ಲ. ಎಳೆಯುವ ಕೈಗಷ್ಟೇ ಗೊತ್ತಾಗುತ್ತದೆ.

ಅಣ್ಣನ ರಿವೆಟ್ಟುಗಳು ಇಪ್ಪತ್ತೆಂಟು ಹಾಲಿನ ಪುಡಿಯ ಡಬ್ಬಿಗಳಲ್ಲಿ ಇರುತ್ತಿದ್ದವು. ಮುಚ್ಚಳ ಇಲ್ಲ, ಚೀಟಿ ಇಲ್ಲ. ಮೇಲಿನ ಹಲಗೆಯ ಮೇಲೆ ಅಲ್ಯೂಮಿನಿಯಂ, ನಡುವೆ ಸ್ಟೀಲು, ಕೆಳಗೆ ಸ್ಟೇನ್‌ಲೆಸ್ಸು ಮತ್ತು ಫೈಬರಿಗೆ ಹಾಕುವ ಅಗಲ ತಲೆಯವು. ಎಡದಿಂದ ಬಲಕ್ಕೆ ಹೋದಂತೆ ಉದ್ದ ಹೆಚ್ಚುತ್ತಿತ್ತು. ಅವನು ತಲೆ ಎತ್ತದೆ ಕೈ ಚಾಚಿ ಬೇಕಾದದ್ದನ್ನೇ ತೆಗೆಯುತ್ತಿದ್ದ. ಆ ದಿನ ನಾನು ಒಳಗೆ ಹೋದಾಗ ಹಲಗೆಗಳು ಖಾಲಿ ಇದ್ದವು. ಡಬ್ಬಿಗಳನ್ನು ಬೆಳ್ಳಗೆ ತೊಳೆದು ನೆಲದ ಮೇಲೆ ಬೋರಲಾಗಿ ಸಾಲಾಗಿ ಇಟ್ಟಿದ್ದರು. ಕೆಳಗೆ ಒಂದು ಬಣ್ಣದ ಬಕೆಟ್ಟಿನ ತುಂಬ ಎಲ್ಲ ರಿವೆಟ್ಟುಗಳೂ ಒಟ್ಟಿಗೆ ಬಿದ್ದಿದ್ದವು.

ನಡೆದದ್ದು ಇಷ್ಟು. ಮೂರನೆಯ ದಿನದ ಪ್ರಾರ್ಥನೆಯನ್ನು ಶೆಡ್ಡಿನಲ್ಲೇ ಇಟ್ಟುಕೊಂಡಿದ್ದೆವು. ಅವನು ಮನೆಗಿಂತ ಹೆಚ್ಚು ಇದ್ದ ಜಾಗ ಅದು, ಮನೆಯಲ್ಲಿ ಅಷ್ಟು ಜನ ಕೂರಲು ಸ್ಥಳವೂ ಇರಲಿಲ್ಲ. ನಮ್ಮ ಚರ್ಚಿನಲ್ಲಿ ಇಂಥ ಪ್ರಾರ್ಥನೆಗೆ ಮೊದಲು ಮಹಿಳಾ ಸಂಘದವರು ಬಂದು ಜಾಗ ಗುಡಿಸಿ ತೊಳೆದು ಕೊಡುತ್ತಾರೆ, ಸಾವಿನ ಮನೆಯವರ ಕೈಯಿಂದ ಪೊರಕೆ ಹಿಡಿಸುವುದಿಲ್ಲ. ಅವರು ಎಣ್ಣೆ ಜಿಡ್ಡು ಹಿಡಿದ ಡಬ್ಬಿಗಳನ್ನೂ ಬಿಡಲಿಲ್ಲ. ಸೋಪು ಹಚ್ಚಿ ತಿಕ್ಕಿ ಬಿಸಿಲಿಗೆ ಒಣಗಿಸಿ, ನಾಲ್ಕೈದರಲ್ಲಿ ಹೂವಿಟ್ಟು ಪಾಸ್ಟರರ ಮುಂದೆ ಜೋಡಿಸಿದ್ದರು. ಪ್ರಾರ್ಥನೆಯ ಹೊತ್ತಿಗೆ ನಾನು ಆ ಹೂಗಳನ್ನು ನೋಡಿದ್ದೆ. ಡಬ್ಬಿಗಳನ್ನು ನೋಡಿರಲಿಲ್ಲ.

ಬಕೆಟ್ಟಿನ ಮುಂದೆ ಕೂತೆ. ಉದ್ದ, ದಪ್ಪ ವರ್ನಿಯರ್ ಅಳತೆಪಟ್ಟಿಯಿಂದ ಅಳೆಯಬಹುದು. ಯಾವುದು ಯಾವ ಲೋಹ ಎನ್ನುವುದೇ ಕಷ್ಟ. ಸತು ಹಚ್ಚಿದ ಸ್ಟೀಲೂ ಅಲ್ಯೂಮಿನಿಯಮ್ಮೂ ಹಳೆಯದಾದ ಮೇಲೆ ಒಂದೇ ಬೂದಿ ಬಣ್ಣ. ನನಗೊಂದು ಉಪಾಯ ಹೊಳೆಯಿತು. ಹಳೆಯ ಸ್ಪೀಕರಿನ ಮ್ಯಾಗ್ನೆಟ್ಟು ತಂದು ಬಕೆಟ್ಟಿನಲ್ಲಿ ಆಡಿಸಿದೆ. ಅಂಟಿದ್ದೆಲ್ಲ ಸ್ಟೀಲು, ಅಂಟದ್ದು ಉಳಿದದ್ದು. ಅಂಟಿದ ರಾಶಿಯೇ ದೊಡ್ಡದಾಯಿತು. ಅಣ್ಣ ಇಷ್ಟೊಂದು ಸ್ಟೀಲು ತಂದಿಟ್ಟಿದ್ದನೇ ಎಂದು ಒಂದು ಕ್ಷಣ ಅನುಮಾನ ಬಂತು. ಕೈ ಸುಮ್ಮನಿರಲು ಒಪ್ಪಲಿಲ್ಲ, ಮುಂದೆ ನಡೆದೆ. ಎರಡು ದಿನ ಹಿಡಿಯಿತು.

ಆ ಎರಡು ದಿನದಲ್ಲಿ ಸಿಸ್ಟರ್ ಒಮ್ಮೆ ಬಂದುಹೋದರು. ಈ ವ್ಯಾನಿನಲ್ಲಿ ಹೋಗುವ ನರ್ಸು ಅವರೇ, ನಮ್ಮ ಚರ್ಚಿನವರು, ಐವತ್ತು ದಾಟಿದವರು. ಗಾಡಿ ಇಲ್ಲದ್ದರಿಂದ ಔಷಧದ ಪೆಟ್ಟಿಗೆ ಹಿಡಿದು ಬಸ್ಸಿನಲ್ಲಿ ಓಡಾಡುತ್ತಿದ್ದರು.

"ತಮ್ಮಾ, ನಾ ನಿನಗ ಅವಸರ ಮಾಡಂಗಿಲ್ಲ," ಎಂದರು. "ಆದ್ರ ಸಂತಪುರದಾಗ ಬಸ್ ಇಳದು ಪೆಟಿಗಿ ಹೊತ್ಕೊಂಡು ನಡ್ಯೂದು ಈ ಮಣಕಾಲಿಗಿ ಆಗಲಾಗ್ಯದ. ಕಂಡಕ್ಟರ್ ನನಗ ಒಂದು, ಪೆಟಿಗಿಗಿ ಒಂದು ಟಿಕೇಟ ಕೊಡ್ಲಾಕ ಶುರು ಮಾಡ್ಯಾನ."

ಅವರು ಹೋಗುವಾಗ ಸಾಲಾಗಿಟ್ಟ ಡಬ್ಬಿಗಳ ಕಡೆ ನೋಡಿ, ಎಷ್ಟು ಚಂದ ಬೆಳಗಿವೆ ನೋಡು, ಎಲ್ಲವನ್ನೂ ನಾನೇ ತೊಳೆದದ್ದು ಎಂದರು. ನಾನು ಹೌದ್ರಿ ಸಿಸ್ಟರ್ ಎಂದೆ. ಬಕೆಟ್ಟನ್ನು ಕಾಲಿನಿಂದ ಮೇಜಿನ ಕೆಳಗೆ ಸರಿಸಿದೆ.

ಉಳಿದಿದ್ದ ಕೆಲಸ ಬಲಗೋಡೆಯದು ಮತ್ತು ಛಾವಣಿಯದು. ಎಡಗೋಡೆಯನ್ನು ಅಣ್ಣ ಮುಗಿಸಿದ್ದ. ಎಡಗೋಡೆಯ ಉದ್ದಕ್ಕೂ ಮೇಲೊಂದು ಕೆಳಗೊಂದು ಸ್ಟೀಲಿನ ಪಟ್ಟಿ, ಒಂಬತ್ತು ಕಂಬಗಳಿಗೆ ಕೂರಿಸಿದ್ದು. ಒಂದೊಂದು ಕಂಬದಲ್ಲಿ ಒಂದೊಂದು ಪಟ್ಟಿಗೆ ನಾಲ್ಕು ರಿವೆಟ್ಟು, ಒಟ್ಟು ಎಪ್ಪತ್ತೆರಡು. ಆಮ್ಲಜನಕದ ಸಿಲಿಂಡರು, ಮಡಚುವ ಸೀಟು ಎರಡೂ ಈ ಪಟ್ಟಿಗಳಿಗೇ ನೇತಾಡುವುದು. ಸೀಟು ಹಿಂಬಾಗಿಲ ಹತ್ತಿರ, ಏಳು ಮತ್ತು ಎಂಟನೆಯ ಕಂಬಗಳ ನಡುವೆ. ಅದರ ಮೇಲೆ ಸಿಸ್ಟರ್ ಕೂರುತ್ತಾರೆ. ಕಂಬಗಳು ತೆಳು ಬಾಕ್ಸ್ ಪೈಪು, ಒಳಗೆ ಕೈ ಹೋಗುವುದಿಲ್ಲ. ವೆಲ್ಡ್ ಮಾಡಿದರೆ ಹೊರಗಿನ ತಗಡಿನ ಬಣ್ಣ ಸುಟ್ಟು ಉಬ್ಬುತ್ತದೆ. ಅದಕ್ಕೇ ರಿವೆಟ್ಟು. ಗಾಳಿಯ ಒತ್ತಡದಿಂದ ನಡೆಯುವ ಗನ್ನು ರಿಪೇರಿಗೆಂದು ಹೈದರಾಬಾದಿಗೆ ಹೋಗಿದ್ದರಿಂದ ಅಷ್ಟನ್ನೂ ಕೈ ಗನ್ನಿನಲ್ಲೇ ಎಳೆದಿದ್ದ. ತೀರಿಕೊಂಡ ದಿನ ಬೆಳಿಗ್ಗೆ ಕೊನೆಯ ಕಂಬ ಮುಗಿಸಿದ್ದು.

ನಾನು ಛಾವಣಿಯಿಂದ ಶುರು ಮಾಡಿ ಮೊದಲ ದಿನವೇ ಪೆಟ್ಟು ತಿಂದೆ. ಗಾಳಿ ಕಿಂಡಿಯ ಮುಚ್ಚಳ ಫೈಬರಿನದು. ಮಾಮೂಲಿ ರಿವೆಟ್ಟು ಎಳೆದೆ. ಮೂರನೆಯದಕ್ಕೆ ತಲೆಯ ಸುತ್ತ ಕೂದಲಿನಂಥ ಬಿರುಕು ಬಂತು. ಫೈಬರು ಕಬ್ಬಿಣದ ಹಾಗಲ್ಲ, ಒತ್ತಡ ಒಂದೇ ಕಡೆ ಬಿದ್ದರೆ ಸೀಳುತ್ತದೆ. ಹೊಸ ಮುಚ್ಚಳ ತರಿಸಿ, ತೂತನ್ನು ಒಂದು ಎಳೆ ಸಡಿಲವಾಗಿ ಕೊರೆದು, ಅಗಲ ತಲೆಯ ಮೆತ್ತನೆಯ ರಿವೆಟ್ಟು ಹಾಕಿ, ಒಳಗಿನಿಂದ ವಾಷರು ಕೊಟ್ಟು ಎಳೆದ ಮೇಲೆ ಸರಿ ಕೂತಿತು. ಉದ್ದದ ಲೆಕ್ಕವನ್ನೂ ಹಾಗೇ ಕಲಿತೆ. ಎರಡೂ ತಗಡಿನ ದಪ್ಪ ಕೂಡಿಸಿ, ಅದಕ್ಕೆ ರಿವೆಟ್ಟಿನ ದಪ್ಪದ ಒಂದೂವರೆ ಪಟ್ಟು ಸೇರಿಸಬೇಕು. ಗಿಡ್ಡವಾದರೆ ಹಿಂದೆ ಉಬ್ಬಲು ಮೈ ಸಾಲದು. ಉದ್ದವಾದರೆ ಉಬ್ಬು ತಗಡಿನಿಂದ ದೂರ ನಿಂತು ಹಿಡಿತವೇ ಬರುವುದಿಲ್ಲ. ಬಲಗೋಡೆಗೆ ಔಷಧದ ಕಪಾಟು ಹಿಡಿಯುವ ಸ್ಟೀಲಿನ ಕೊಂಡಿಗಳು. ಅದಕ್ಕೆ ನನ್ನ ಮ್ಯಾಗ್ನೆಟ್ಟಿನ ರಾಶಿಯಿಂದ ಸ್ಟೀಲಿನ ರಿವೆಟ್ಟು ಆರಿಸಿ ಹೊಡೆದೆ. ಅವು ಬೆಣ್ಣೆಯಂತೆ ಸಲೀಸಾಗಿ ಎಳೆದುಕೊಂಡವು. ನನ್ನ ಕೈ ಕುದುರಿತೆಂದು ತಿಳಿದೆ.

ತಿಂಗಳ ಕೊನೆಗೆ ಇನ್ನೂ ಆರು ದಿನ ಇರುವಾಗ ಗಾಡಿಯನ್ನು ಹೊರಗೆ ತೆಗೆದೆವು. ಆಸ್ಪತ್ರೆಯ ಡ್ರೈವರು ನಡೆಸಿದ. ಸಿಸ್ಟರ್ ತಮ್ಮ ಸೀಟಿನಲ್ಲಿ, ನಾನು ಎದುರಿಗೆ ಒಂದು ಸ್ಟೂಲಿನ ಮೇಲೆ. ಸಂತಪುರದ ತನಕ ಎಲ್ಲ ಸರಿ ಇತ್ತು. ಅಲ್ಲಿಂದ ಒಳಗಿನ ಹಳ್ಳಿಯ ಮಣ್ಣಿನ ದಾರಿಗೆ ಇಳಿದ ಮೇಲೆ ಎಡಗೋಡೆಯಿಂದ ಒಂದು ಕಿರಗುಟ್ಟುವ ಸದ್ದು ಶುರುವಾಯಿತು. ಸಿಸ್ಟರ್ ತಾವು ತೂಕ ಇಳಿಸಬೇಕೆಂದು ಗಾಡಿ ಹೇಳುತ್ತಿದೆ ಎಂದು ನಕ್ಕರು. ಒಂದು ದೊಡ್ಡ ಕುಳಿಗೆ ಚಕ್ರ ಬಿತ್ತು. ಬಲಗೋಡೆಯ ಔಷಧದ ಕಪಾಟು ಒಂದು ಕಡೆ ಕಳಚಿ ವಾಲಿತು. ನಾನು ಎರಡೂ ಕೈಯಿಂದ ಅದನ್ನು ಹಿಡಿದು ಔರಾದ ಮುಟ್ಟುವ ತನಕ ನಿಂತೇ ಬಂದೆ.

ಶೆಡ್ಡಿಗೆ ವಾಪಸು ಬಂದು ನೋಡಿದರೆ ಕಪಾಟಿನ ಮೂರು ರಿವೆಟ್ಟುಗಳ ಕುತ್ತಿಗೆ ಕಡಿದಿತ್ತು. ಅದು ನನ್ನ ಕೆಲಸ, ತಪ್ಪು ನನ್ನದು, ಸರಿ. ಆಮೇಲೆ ಎಡಗೋಡೆಗೆ ಟಾರ್ಚು ಹಿಡಿದೆ. ನಾಲ್ಕನೆಯ ಕಂಬದಿಂದ ಹಿಂದಕ್ಕೆ ಪ್ರತಿ ರಿವೆಟ್ಟಿನ ತಲೆಯ ಸುತ್ತ ಮಸಿಯಂಥ ಕಪ್ಪು ಪುಡಿ, ಕಣ್ಣಿನ ಕಾಡಿಗೆ ಇಳಿದ ಹಾಗೆ ಕೆಳಕ್ಕೆ ಗೆರೆ. ಒಳಗೆ ಲೋಹ ಅಲುಗಾಡಿ ಸವೆದರೆ ಹಾಗೆ ಬರುತ್ತದೆ. ಹೆಬ್ಬೆರಳಿನ ಉಗುರು ಕೊಟ್ಟು ತಿರುಗಿಸಿದೆ. ಸೀಟಿನ ಹತ್ತಿರದ ತಲೆಗಳು ತಿರುಗಿದವು.

ಡಬ್ಬಿಗಳ ರಿವೆಟ್ಟು ಬೆರೆತದ್ದರಿಂದ ಆದದ್ದು ಎಂದು ಮೊದಲು ಅಂದುಕೊಂಡೆ. ಅಂದುಕೊಂಡು ಸಮಾಧಾನವೂ ಆಯಿತು. ಆಮೇಲೆ ಹೊಳೆಯಿತು. ಎಡಗೋಡೆ ಮುಗಿದಾಗ ಡಬ್ಬಿಗಳು ಹಲಗೆಯ ಮೇಲೇ ಇದ್ದವು.

ಮರುದಿನ ಮೊದಲ ಬಸ್ಸಿಗೆ ಭಾಲ್ಕಿಗೆ ಹೋದೆ. ಎಡಗೋಡೆಯ ಒಂದು, ಮೂರು, ಐದು, ಎಂಟನೆಯ ಕಂಬಗಳಿಂದ ಒಂದೊಂದು ರಿವೆಟ್ಟನ್ನು ತಲೆ ಕೆಡದಂತೆ ಉಳಿಯಿಂದ ಕಡಿದು ತೆಗೆದು, ಬಲಗೋಡೆಯದೂ ಒಂದನ್ನು ಸೇರಿಸಿ, ಕಂಬದ ನಂಬರು ಬರೆದ ಕಾಗದದಲ್ಲಿ ಸುತ್ತಿ ಕಿಸೆಯಲ್ಲಿ ಇಟ್ಟುಕೊಂಡಿದ್ದೆ. ನಮ್ಮಿಬ್ಬರಿಗೂ ಕೆಲಸ ಕಲಿಸಿದ ಮೇಸ್ತ್ರಿ ಅಲ್ಲಿದ್ದಾರೆ. ಸರಕಾರಿ ಬಸ್ಸಿನ ವರ್ಕ್‌ಶಾಪಿನಲ್ಲಿ ಮೈ ಕಟ್ಟಿ ಕಟ್ಟಿ ನಿವೃತ್ತರಾದವರು. ಮಣ್ಣಿಗೆ ಬರಲು ಆಗಿರಲಿಲ್ಲ, ಕಾಲು ನೋವು. ನನ್ನನ್ನು ಕಂಡು ಮೊದಲು ಮರಾಠಿಯಲ್ಲಿ ತಮ್ಮ ಹೆಂಡತಿಗೆ ಏನೋ ಹೇಳಿದರು, ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟು ಪಕ್ಕದಲ್ಲಿ ಕೂತರು. ಚಹಾ ಬಂತು. ನಾನು ಚಹಾ ಮುಟ್ಟದೆ ಕಾಗದ ಬಿಚ್ಚಿದೆ.

ಬಲಗೋಡೆಯ ತುಂಡನ್ನು ಮೊದಲು ಕೊಟ್ಟೆ. ಅವರು ಚಾಕುವಿನಿಂದ ಗೀರಿದರು. ಬೆಳ್ಳನೆಯ ಮೆತ್ತನೆಯ ಗೆರೆ ಬಂತು. ಸ್ಟೀಲೆಂದು ಹೇಗೆ ಆರಿಸಿದೆ ಎಂದು ಕೇಳಿದರು. ಮ್ಯಾಗ್ನೆಟ್ಟು ಎಂದೆ. ಅವರು ಮೀಸೆಯೊಳಗೇ ನಕ್ಕರು.

"ಅಲ್ಯೂಮಿನಿಯಂ ರಿವೆಟ್ಟಿನ ಒಳಗಿನ ಕಡ್ಡಿ ಸ್ಟೀಲಿಂದೇ ಇರ್ತದ, ಶಾಣ್ಯಾ. ಮ್ಯಾಗ್ನೆಟ್ಟು ಕಡ್ಡಿಗಿ ಅಂಟಕೊಂಡದ. ನೀ ಮೈ ನೋಡಿಲ್ಲ. ಹದಿನೇಳು ವರ್ಷ ಮಗ್ಗುಲಾಗ ನಿಂತು ಇಷ್ಟೂ ಕಲಿಲಿಲ್ಲೇನು?"

ಕಲಿಯಲಿಲ್ಲ ಎಂದೆ. ಬೆಣ್ಣೆಯಂತೆ ಎಳೆದುಕೊಂಡದ್ದು ಯಾಕೆಂದು ಅರ್ಥವಾಯಿತು.

ಆಮೇಲೆ ಎಡಗೋಡೆಯವು. ಒಂದನೆಯ ಕಂಬದ್ದು ಸ್ಟೀಲು, ಕಡ್ಡಿ ತಲೆಯ ಸಮಕ್ಕೆ ನೀಟಾಗಿ ಮುರಿದಿದೆ. ಮೂರನೆಯದೂ ಹಾಗೇ. ಐದನೆಯದು ಅಲ್ಯೂಮಿನಿಯಂ. ಎಂಟನೆಯದನ್ನು ಅವರು ಬಹಳ ಹೊತ್ತು ಬೆಳಕಿಗೆ ಹಿಡಿದು ತಿರುಗಿಸಿದರು. ತಲೆ ಒಂದು ಕಡೆ ಎದ್ದಿತ್ತು. ಮುರಿದ ಕಡ್ಡಿ ಮುಳ್ಳಿನಂತೆ ಹೊರಗೆ ನಿಂತಿತ್ತು. ಒಂದೇ ಎಳೆತಕ್ಕೆ ಬಂದದ್ದಲ್ಲ, ನಾಲ್ಕೈದು ಸಲ ಜಗ್ಗಿದ್ದು, ಗನ್ನು ನೇರ ಹಿಡಿಯಲು ಆಗಿಲ್ಲ ಎಂದರು.

"ಇದು ಯಾರು ಎಳದದ್ದು?"

"ಅಣ್ಣ, ಕಾಕಾ."

"ಸ್ಟೀಲಿನ ಡಬ್ಬಿ ಎಲ್ಲಿ ಅದ ಅಂತ ಅವನಿಗಿ ಗೊತ್ತಿತ್ತು?"

"ಕಣ್ಣ ಮುಚ್ಚಿದ್ರೂ ಗೊತ್ತಿತ್ರಿ."

ಅವರು ತುಂಡನ್ನು ಕಾಗದದ ಮೇಲೆ ಇಟ್ಟರು. "ಅಂದ್ರ ಮರತು ಹಾಕಿಲ್ಲ. ಸ್ಟೀಲ್ ಎಳೀಲಾಕ ತಾಕತ್ತು ಬೇಕು, ತಮ್ಮಾ. ಇದು ಮೆತ್ತಗ ಇರ್ತದ. ಅವನ ಕೈ ಮೊದಲೇ ಸೋತಿತ್ತು."

ನಾನು ಎದ್ದು ಅಂಗಳದಲ್ಲಿ ಎರಡು ಸಲ ತಿರುಗಾಡಿದೆ. ಮೂರು ಕಂಬ, ಇಪ್ಪತ್ತನಾಲ್ಕು ರಿವೆಟ್ಟು, ಸರಿಯಾಗಿ ಎಳೆದಿದ್ದಾನೆ. ನಾಲ್ಕನೆಯದರಿಂದ ಆಗಿಲ್ಲ. ಮೇಲಿನ ಹಲಗೆಗೆ ಕೈ ಚಾಚಿ ಮೆತ್ತನೆಯದನ್ನು ತೆಗೆದಿದ್ದಾನೆ, ಕೂಡದೆಂದು ಗೊತ್ತಿದ್ದೇ ತೆಗೆದಿದ್ದಾನೆ. ಹತ್ತು ಹೆಜ್ಜೆ ಆಚೆ ನಾನು ಮುಖಕ್ಕೆ ಗುರಾಣಿ ಕಟ್ಟಿಕೊಂಡು ವೆಲ್ಡಿಂಗ್ ಮಾಡುತ್ತಿದ್ದೆ. ನೀನು ಎಳಿ ಅಂದಿದ್ದರೆ ಎಳೆಯುತ್ತಿದ್ದೆ. ಅವನು ಅನ್ನಲಿಲ್ಲ, ನಾನು ನೋಡಲಿಲ್ಲ.

ಮೇಸ್ತ್ರಿ ಒಂದು ದಾರಿ ತೋರಿಸಿದರು. ಅವನವು ಅಲ್ಲೇ ಇರಲಿ, ಎರಡರ ನಡುವೆ ಒಂದೊಂದು ಸ್ಟೀಲಿನದು ಹೊಸದಾಗಿ ಹಾಕು, ಭಾರವನ್ನು ಹೊಸವು ಹೊರುತ್ತವೆ, ಎರಡು ದಿನದಲ್ಲಿ ಮುಗಿಯುತ್ತದೆ. ಅವನ ಕೊನೆಯ ಕೈಕೆಲಸ ಉಳಿದ ಹಾಗೂ ಆಗುತ್ತದೆ. ಪೂರಾ ತೆಗೆಯುವುದಾದರೆ ದೊಡ್ಡ ಅಳತೆಯದು ಬೇಕು, ಆರೂವರೆ ಮಿಲಿಮೀಟರಿನ ತೂತು ಕೊರೆಯಬೇಕು. ಕೊನೆಗೆ ಒಳಗಿನಿಂದ ಎರಡು ಉದ್ದ ಹಿಡಿಕೆಯ ಗನ್ನೊಂದು ತರಿಸಿ ನನ್ನ ಕೈಗೆ ಕೊಟ್ಟರು. ಯಾವುದು ಸರಿ ಎಂದು ಅವರು ಹೇಳಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಜಾಗವಿತ್ತು. ಗನ್ನನ್ನು ಹಿಡಿದುಕೊಂಡು ಬೀದರ ತನಕ ನಿಂತೇ ಬಂದೆ.

ಮನೆಯಲ್ಲಿ ವೈನಿಗೆ ಎಲ್ಲ ಹೇಳಿ, ಅಣ್ಣನ ಕೈ ಹೇಗಿತ್ತೆಂದು ಕೇಳಿದೆ. ಅವರು ಅಕ್ಕಿ ಆರಿಸುತ್ತಿದ್ದರು, ಕೈ ನಿಲ್ಲಿಸಲಿಲ್ಲ.

"ಎಂಟು ದಿನದಿಂದ ಎಡಗೈ ಜಡ ಆಗ್ಯದ ಅಂತಿದ್ರು. ಮುಲಾಮ ತಿಕ್ಕತಿದ್ದೆ. ತಮ್ಮಗ ಹೇಳಬ್ಯಾಡ, ಹೇಳಿದ್ರ ಕೆಲಸ ಬಂದ್ ಮಾಡಸ್ತಾನ ಅಂದಿದ್ರು." ಅಕ್ಕಿಯಿಂದ ಒಂದು ಕಲ್ಲು ತೆಗೆದು ಪಕ್ಕಕ್ಕಿಟ್ಟು ಕೇಳಿದರು: "ಅವು ತಗೀಲೇಬೇಕೇನ್ರಿ?"

ನೋಡೋಣ ಎಂದೆ. ನಡುವೆ ಹಾಕುವ ದಾರಿಯೇ ಸರಿ ಎಂದು ಆ ಹೊತ್ತಿಗೆ ಮನಸ್ಸು ಮಾಡಿದ್ದೆ.

ಮರುದಿನ ಬೆಳಿಗ್ಗೆ ಎಡಗೋಡೆಗೆ ಗುರುತು ಹಾಕತೊಡಗಿದೆ. ಅಣ್ಣನ ಎರಡು ರಿವೆಟ್ಟಿನ ನಡುವೆ ಒಂದು ಚುಕ್ಕೆ. ಐದನೆಯ ಕಂಬದಲ್ಲಿದ್ದಾಗ ಸಿಸ್ಟರ್ ಬಂದರು. ಗಾಡಿ ಯಾಕೆ ತಡ ಎಂದು ಯಾರೋ ಹೇಳಿದ್ದರು, ಡಬ್ಬಿಗಳ ವಿಷಯವೂ ಕಿವಿಗೆ ಬಿದ್ದಿತ್ತು. ಅವರ ಮುಖ ಸಣ್ಣದಾಗಿತ್ತು.

"ನಮ್ಮ ಕೈಲೇ ಆತೇನು, ತಮ್ಮಾ? ನಾನೇ ಬಕೀಟಿಗಿ ಸುರದದ್ದು. ಜಿಡ್ಡು ಹೋಗ್ಲಿ ಅಂತ. ಎರಡೂ ಗ್ವಾಡಿ ಹಿಂಗ ಆಗ್ಯಾವಂತಲ್ಲ."

ಒಪ್ಪಿಕೊಳ್ಳುವುದು ಬಹಳ ಸುಲಭವಿತ್ತು. ಎರಡೂ ಗೋಡೆಯ ತಪ್ಪನ್ನು ಆ ಬಕೆಟ್ಟಿಗೆ ಹಾಕಿದರೆ ಯಾರೂ ಮತ್ತೆ ಕೇಳುತ್ತಿರಲಿಲ್ಲ. ಅಣ್ಣನ ಹೆಸರು ಹಾಗೇ ಇರುತ್ತಿತ್ತು. ಸಿಸ್ಟರ್ ನಾಲ್ಕು ದಿನ ಮರುಗಿ ಮರೆಯುತ್ತಿದ್ದರು, ಮರುಗುತ್ತಲೇ ಆ ಸೀಟಿನ ಮೇಲೆ ಕೂರುತ್ತಿದ್ದರು.

ಬಲಗೋಡೆ ನನ್ನ ತಪ್ಪು, ಎಡಗೋಡೆ ಡಬ್ಬಿ ತೊಳೆಯುವ ಮೊದಲೇ ಆದದ್ದು, ಅಣ್ಣ ಮಾಡಿದ್ದು ಎಂದೆ. ಯಾಕೆ ಹಾಗೆ ಮಾಡಿದ ಎನ್ನುವುದನ್ನೂ ಹೇಳಿದೆ. ಅವರು ಕೇಳುತ್ತ ಕೇಳುತ್ತ ನೆಲದ ಮೇಲೇ ಕೂತರು.

"ಯಾ ಕೈ?"

"ಎಡಗೈ ಅಂತ್ರಿ. ಎಂಟು ದಿನ."

"ಎಂಟು ದಿನ ಅಂದ್ರ ನಡಕ ಒಂದು ಐತಾರ ಬಂದದ," ಎಂದರು ಸಿಸ್ಟರ್. "ಚರ್ಚಿನಾಗ ನನ್ನ ಮುಂದಿನ ಬೆಂಚಿನ್ಯಾಗ ಕೂತಿದ್ದ. ಎಡಗೈ ಅಮುಕೋತ ಕೂತಿದ್ದ. ಮೂವತ್ತು ವರ್ಷ ಇದೇ ಕೆಲಸ ನಂದು. ನಾ ನೋಡ್ದೆ, ತಮ್ಮಾ. ಗನ್ ಹಿಡದು ಹಿಡದು ನೋಯ್ತದ ಅಂತ ತಿಳದೆ."

ನಾನು ಕೆಳಗಿನ ಪಟ್ಟಿಯ ಮೇಲೆ ಕಾಲಿಟ್ಟು ಮೇಲಿನ ಪಟ್ಟಿಗೆ ಜೋತುಬಿದ್ದು ನನ್ನ ಪೂರಾ ತೂಕ ಬಿಟ್ಟೆ. ಏಳನೆಯ ಕಂಬದ ಹತ್ತಿರ ಪಟ್ಟಿ ಒಂದು ಕೂದಲೆಳೆ ಸರಿದು ವಾಪಸು ಬಂತು. ಸಡಿಲಾದವುಗಳ ನಡುವೆ ಗಟ್ಟಿಯಾದದ್ದನ್ನು ಹಾಕಿದರೂ ಆ ತೂತುಗಳು ಉಜ್ಜಿ ಉಜ್ಜಿ ಅಗಲವಾಗುತ್ತಲೇ ಹೋಗುತ್ತವೆ. ತೆಳು ಕಂಬದಲ್ಲಿ ತೂತಿನ ಪಕ್ಕ ತೂತು ಬಿದ್ದರೆ ಕಂಬವೇ ಸೋಲುತ್ತದೆ. ಮೇಸ್ತ್ರಿಗೂ ಇದು ಗೊತ್ತಿತ್ತು. ದುಃಖದಲ್ಲಿದ್ದವನಿಗೆ ಒಂದು ದಾರಿ ಕೊಟ್ಟಿದ್ದರು ಅಷ್ಟೆ. ಚುಕ್ಕೆಗಳನ್ನು ಚಿಂದಿಯಿಂದ ಒರೆಸಿದೆ. ಗಾಡಿ ಎರಡು ದಿನ ತಡವಾಗುತ್ತದೆಂದು ಸಮಿತಿಯವರಿಗೆ ಹೇಳುತ್ತೀರಾ ಎಂದು ಸಿಸ್ಟರನ್ನು ಕೇಳಿದೆ. ಅವರು ಎದ್ದು ಸೀರೆ ಕೊಡವಿಕೊಂಡು, ಹೇಳುವುದಷ್ಟೇ ಅಲ್ಲ, ಪೆಟ್ಟಿಗೆ ಹೊರಿಸಿ ಅವರನ್ನು ಸಂತಪುರದ ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತೇನೆ ಎಂದರು.

ಸಂಜೆ ವೈನಿಗೆ ಹೇಳಿದೆ. ಆ ಸೀಟಿನ ಮೇಲೆ ಕೂರುವವರು ಯಾರೆಂದು ಕೇಳಿದರು. ಹೇಳಿದೆ. "ಹಂಗಾರ ತಗೀರಿ," ಎಂದರು.

ಹಳೆಯ ರಿವೆಟ್ಟು ತೆಗೆಯುವುದಕ್ಕೆ ಅವಸರ ಕೂಡದು. ಮೊದಲು ಪಂಚ್ ಇಟ್ಟು ಒಳಗೆ ಉಳಿದ ಕಡ್ಡಿಯ ತುಂಡನ್ನು ಆಚೆಗೆ ತಳ್ಳಬೇಕು. ಇಲ್ಲದಿದ್ದರೆ ಬಿಟ್ ಜಾರಿ ಪಟ್ಟಿಗೆ ಗೀರು ಬೀಳುತ್ತದೆ. ಆಮೇಲೆ ತಲೆಯ ನಡುವೆ ಡ್ರಿಲ್ ಇಟ್ಟು ನಿಧಾನ ಕೊರೆಯಬೇಕು. ತಲೆ ಕಳಚಿ ಬಿಟ್ಟಿಗೆ ಬಳೆಯಂತೆ ಸಿಕ್ಕಿಕೊಳ್ಳುತ್ತದೆ. ಸಡಿಲಾದವು ಬಿಟ್ಟಿನ ಜೊತೆ ತಾವೂ ತಿರುಗುತ್ತವೆ, ಅವುಗಳ ತಲೆಯನ್ನು ಇಕ್ಕಳದಿಂದ ಹಿಡಿಯಬೇಕು. ಆರು, ಏಳು, ಎಂಟನೆಯ ಕಂಬಗಳಲ್ಲಿ ಎಲ್ಲವೂ ತಿರುಗಿದವು. ಭಾಲ್ಕಿಗೆ ಒಯ್ದಿದ್ದ ಎರಡೂ ಸೇರಿ ಆರು ಕಂಬಗಳಿಂದ ಒಟ್ಟು ನಲವತ್ತೆಂಟು. ಪ್ರತಿಯೊಂದರ ಹಿಂದಿನ ಉಬ್ಬು ಕಂಬದ ಒಳಗೇ ಬಿದ್ದು ಟಣ್ಣೆಂದಿತು. ಅವನ್ನು ಹೊರಗೆ ತೆಗೆಯಲು ಬರುವುದಿಲ್ಲ. ಗಾಡಿ ಓಡುವಾಗ ಗಲಗಲ ಅನ್ನಬಾರದೆಂದು ಮೇಲಿನಿಂದ ತುಕ್ಕು ತಡೆಯುವ ದಪ್ಪ ಎಣ್ಣೆ ಬಿಟ್ಟೆ. ಅಂಟಿಕೊಂಡು ಸುಮ್ಮನಾದವು.

ತೂತುಗಳನ್ನು ಆರೂವರೆಗೆ ಅಗಲಿಸಿ, ಅಂಚಿನ ಸಿಬಿರು ಕೆರೆದು, ಬರಿ ಕಬ್ಬಿಣ ಕಾಣುವ ಕಡೆ ಸತುವಿನ ಬಣ್ಣ ಮುಟ್ಟಿಸಿದೆ. ಹೊಸ ಸ್ಟೀಲಿನ ರಿವೆಟ್ಟುಗಳನ್ನು ಪೇಟೆಯಿಂದ ತಂದಿದ್ದೆ. ಆದರೂ ಪ್ರತಿಯೊಂದನ್ನೂ ಚಾಕುವಿನಿಂದ ಗೀರಿಯೇ ಹಾಕಿದೆ. ಉದ್ದ ಹಿಡಿಕೆಯ ಗನ್ನಿಗೆ ಎರಡೂ ಕೈ ಬೇಕು, ಎದೆಯ ಬಲವೂ ಬೇಕು. ಮೂತಿಯನ್ನು ತಗಡಿಗೆ ಒತ್ತಿ ನೇರ ಹಿಡಿದು ಹಿಡಿಕೆಗಳನ್ನು ಒಟ್ಟಿಗೆ ತರಬೇಕು. ಮೊದಲನೆಯದು ವಾಲಿತು, ತೆಗೆದು ಮತ್ತೆ ಹಾಕಿದೆ. ಹನ್ನೆರಡು ಎಳೆಯುವಷ್ಟರಲ್ಲಿ ಎಡ ಭುಜ ನಡುಗಲು ಶುರುವಾಯಿತು. ನನಗೆ ಯಾವ ಕಾಯಿಲೆಯೂ ಇಲ್ಲ. ಗನ್ನು ಕೆಳಗಿಟ್ಟು ರಸ್ತೆಯ ತನಕ ಹೋಗಿ ಬಂದೆ, ಮತ್ತೆ ಹಿಡಿದೆ. ಕಡ್ಡಿ ಮುರಿಯುವ ಕ್ಷಣಕ್ಕೆ ಮೊದಲು ಹಿಡಿಕೆಯಲ್ಲಿ ಒಂದು ಬಿಗಿ ಬರುತ್ತದೆ. ಆಚೆ ಬದಿ ಕಚ್ಚಿತು ಎನ್ನುವುದು ಅದರಲ್ಲೇ ತಿಳಿಯುತ್ತದೆ. ಇಪ್ಪತ್ತರ ನಂತರ ಅದು ನನ್ನ ಕೈಗೆ ತಿಳಿಯತೊಡಗಿತು.

ಮೊದಲ ಮೂರು ಕಂಬದವನ್ನು ಒಂದೊಂದಾಗಿ ಪರೀಕ್ಷಿಸಿದೆ. ಉಗುರು ಕೊಟ್ಟೆ, ಸಣ್ಣ ಸುತ್ತಿಗೆಯಿಂದ ತಟ್ಟಿದೆ, ಜೋತುಬಿದ್ದೆ. ನೋಡಲೆಂದು ನಾನೇ ಕಡಿದು ತೆಗೆದಿದ್ದ ಎರಡರ ಜಾಗಕ್ಕೆ ಅದೇ ಅಳತೆಯ ಸ್ಟೀಲು ಹಾಕಿದೆ. ಉಳಿದವು ಅಲುಗಲಿಲ್ಲ. ಅಲುಗದ್ದನ್ನು ತೆಗೆಯಲು ಕಾರಣವಿಲ್ಲ. ಹಳೆಯದಿರಲಿ ಹೊಸದಿರಲಿ, ಪ್ರತಿ ತಲೆಯಿಂದ ಪಟ್ಟಿಗೆ ಕೆಂಪು ಬಣ್ಣದ ಸಣ್ಣ ಗೆರೆ ಎಳೆದೆ. ತಲೆ ತಿರುಗಿದರೆ ಗೆರೆ ತುಂಡಾಗಿ ಕಾಣುತ್ತದೆ. ಬಲಗೋಡೆಯ ಕೊಂಡಿಗಳನ್ನೂ ಬಿಚ್ಚಿ ಹೊಸದಾಗಿ ಹೊಡೆದೆ.

ಔರಾದಿನ ಆಚೆಯ ಹಳ್ಳಿಗಳ ತನಕ ಮತ್ತೆ ಹೋಗಿ ಬಂದೆವು. ಈ ಸಲ ಡ್ರೈವರಿಗೆ ಕುಳಿ ತಪ್ಪಿಸಬೇಡ ಎಂದಿದ್ದೆ. ಸಿಸ್ಟರ್ ಕೂರುತ್ತೇನೆಂದರು, ಬೇಡವೆಂದು ಅವರ ಸೀಟಿನಲ್ಲಿ ನಾನೇ ಕೂತೆ, ಮಡಿಲಲ್ಲಿ ಒಂದು ಸಿಮೆಂಟಿನ ಚೀಲ ಇಟ್ಟುಕೊಂಡು. ಬಂದು ಟಾರ್ಚು ಹಿಡಿದಾಗ ಎಪ್ಪತ್ತೆರಡು ಗೆರೆಗಳೂ ನೆಟ್ಟಗಿದ್ದವು.

ಒಪ್ಪಿಸುವ ದಿನ ಸಮಿತಿಯ ಹಿರಿಯರೊಬ್ಬರು ಗಾಡಿ ನೋಡಲು ಬಂದರು. ಹಳ್ಳಿಗೆ ಹೊರಡಲು ಸಿದ್ಧರಾಗಿ ಸಿಸ್ಟರ್ ಆಗಲೇ ಒಳಗೆ ಸೀಟು ಬಿಚ್ಚಿ ಕೂತು ಬೆಲ್ಟು ಹಾಕಿಕೊಂಡಿದ್ದರು. ಹಿರಿಯರು ಎಡಗೋಡೆಯ ಮುಂದೆ ನಿಂತು ಕನ್ನಡಕ ಸರಿಮಾಡಿಕೊಂಡರು.

"ಇದೇನಪಾ, ಒಂದೇ ಸಾಲಿನಾಗ ಎರಡು ನಮೂನಿ? ಇಲ್ಲಿ ತನಕ ಸಣ್ಣ ತಲಿ, ಇಲ್ಲಿಂದ ದೊಡ್ಡ ತಲಿ. ನೋಡ್ಲಾಕ ಸರಿ ಕಾಣಂಗಿಲ್ಲ. ಎಲ್ಲಾ ಒಂದೇ ಮಾಡಿ ಕೊಡು."

ಸಿಸ್ಟರ್ ನನ್ನ ಮುಖ ನೋಡಿದರು.

"ಮೂರನೇ ಕಂಬದ ತನಕ ನಮ್ಮಣ್ಣ ಹೊಡದಾನ್ರಿ," ಎಂದೆ. "ಅವು ಗಟ್ಟಿ ಅವ. ನಾಲ್ಕನೇದರಿಂದ ನಾನು."